ನನ್ನ ಪಿತ್ತಕ್ಕೆ ಸಿಕ್ಕ ಮದ್ದು

ಕಳೆದ ವರ್ಷ ನಮ್ಮ ಯಜಮಾನರು ನಿವೃತ್ತರಾದರು. ಮರುವಾರವೇ ರಾಜಾಜಿನಗರದ ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಯಾರೋ ಆಯುರ್ವೇದದ ಬಗ್ಗೆ ಮಾಡಿದ ಭಾಷಣ ಕೇಳಿಕೊಂಡು ಬಂದರು. ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು.

ಅತ್ತೆಯದು ವಾತ, ತಮ್ಮದು ಕಫ, ನನ್ನದು ಪಿತ್ತ ಎಂದು ಅವರೇ ತೀರ್ಮಾನಿಸಿಬಿಟ್ಟರು. ಅತ್ತೆಗೆ ತುಪ್ಪ ಮುಂದಾದ ತೊವ್ವೆ, ಅವರಿಗೆ ಮೆಣಸಿನ ಸಾರು, ನನಗೆ ಹುಳಿ ಖಾರ ಇಲ್ಲದ ಸಪ್ಪೆ ಸಾರು. ಬೇಯಿಸುವವಳು ಮಾತ್ರ ನಾನೊಬ್ಬಳೇ! ಸ್ವಲ್ಪ ದಿನಕ್ಕೆ ಎದೆಯುರಿ, ತಲೆನೋವು ಶುರುವಾಯಿತು. ಹೇಳಿದರೆ, "ನಿಂದು ಪಿತ್ತ ಪ್ರಕೃತಿ ಕಣೇ, ಹಾಗೇ ಇರುತ್ತೆ" ಎನ್ನುವರು. ರೇಗಿದರೆ, "ನೋಡು, ಪಿತ್ತ ನೆತ್ತಿಗೇರಿತು!" ನನ್ನ ನೋವೂ ಸಿಟ್ಟೂ ಎಲ್ಲ ಪಿತ್ತದ ಲೆಕ್ಕಕ್ಕೇ ಹೋದವು.

ಒಂದು ದಿನ ಒಲೆ ಮುಂದೆ ತಲೆ ಸುತ್ತಿ ಕುಸಿದು ಕೂತೆ. ಆಗ ಹೆದರಿ ವಿಜಯನಗರದ ಆಯುರ್ವೇದದ ಡಾಕ್ಟರಮ್ಮನ ಹತ್ತಿರ ಕರೆದೊಯ್ದರು. ದಾರಿಯಲ್ಲಿ ಆಟೋದವರಿಗೂ ತ್ರಿದೋಷದ ಪಾಠವಾಯಿತು.

ಡಾಕ್ಟರಮ್ಮ ನನ್ನ ನಾಡಿ ಹಿಡಿದು, "ಮಧ್ಯಾಹ್ನ ಊಟ ಎಷ್ಟೊತ್ತಿಗಮ್ಮಾ?" ಎಂದರು.

"ಒಂದು ಗಂಟೆಗೆ ಮೇಡಂ, ಕರೆಕ್ಟಾಗಿ," ಎಂದರು ನಮ್ಮವರು.

"ನಿಮ್ಮನ್ನ ಕೇಳ್ಲಿಲ್ಲ ಸಾರ್."

"ಎಲ್ಲರ್ದೂ ಆಗಿ, ಪಾತ್ರೆ ತೊಳ್ದು ಕೂರೋ ಹೊತ್ತಿಗೆ ಮೂರೂವರೆ ಆಗುತ್ತೆ," ಎಂದೆ. "ಒಂದೊಂದ್ಸಲ ಸಾಕಾಗಿ ಬರೀ ಕಾಫಿ ಕುಡೀತೀನಿ."

"ಪಿತ್ತ ಕೆರಳದೆ ಇನ್ನೇನಾಗುತ್ತೆ?" ಎಂದು ಅವರು ನಮ್ಮವರ ಕಡೆ ತಿರುಗಿದರು. "ಜಠರಾಗ್ನಿ ಉರೀತಿರೋವಾಗ ಅನ್ನ ಬೀಳ್ಬೇಕು ಸಾರ್. ಔಷಧಿ ಕೊಡ್ತೀನಿ. ಆದ್ರೆ ಮೊದ್ಲು ಇವ್ರು ಹೊತ್ತಿಗೆ ಸರಿಯಾಗಿ ಊಟ ಮಾಡ್ಲಿ."

"ಇವ್ಳು ಹೇಳ್ಲೇ ಇಲ್ಲ ಮೇಡಂ!"

ನನಗೆ ಮೈಯೆಲ್ಲ ಉರಿದುಹೋಯಿತು. ಗೇಟಿನ ಹತ್ತಿರ ನಿಂತು ಹೂವಿನವಳಿಂದ ಹಿಡಿದು ಎದುರು ಮನೆಯವರ ತನಕ ಎಲ್ಲರನ್ನೂ ದಿನಾ "ಊಟ ಆಯ್ತಾ?" ಎಂದು ವಿಚಾರಿಸುವ ಮನುಷ್ಯ ಇವರು. ನಾನು ಮಾತ್ರ ಬಾಯಿಬಿಟ್ಟು ಹೇಳಬೇಕಿತ್ತಂತೆ! ಅಲ್ಲೇ ಕಣ್ಣಲ್ಲಿ ನೀರು ಬಂತು. ಅವರು ಪೆಚ್ಚಾಗಿ ತಲೆ ತಗ್ಗಿಸಿದರು.

ಈಗ ಮನೆಯಲ್ಲಿ ಒಂದೇ ಸಾರು. ಮೂವರೂ ಒಟ್ಟಿಗೆ ಕೂರುತ್ತೇವೆ. ಭಾಷಣ ನಿಂತಿಲ್ಲ, ಈಗ ಹೇಗೆ ಅಗಿಯಬೇಕೆಂದು ಹೇಳಿಕೊಡುತ್ತಾರೆ.

ಮೊನ್ನೆ ಕೆಂಗೇರಿಯ ಅಕ್ಕನ ಮನೆಗೆ ಹೋಗಿದ್ದೆ. ಸರಿಯಾಗಿ ಒಂದು ಗಂಟೆಗೆ ಅವರ ಫೋನ್ ಬಂತು. "ಊಟ ಆಯ್ತಾ?"

"ಇಲ್ಲ, ಈಗ ಕೂತ್ಕೊಂಡೆ."

"ಮತ್ತೆ ಫೋನ್ ಯಾಕೆ ಎತ್ತಿದೆ? ಮೊದ್ಲು ಊಟ ಮಾಡು!" ಎಂದು ಇಟ್ಟೇಬಿಟ್ಟರು.

ಈ ಒಂದು ಮಾತು ಕೇಳಿಸಿಕೊಳ್ಳಲು ನಾನು ತಲೆ ಸುತ್ತಿ ಬೀಳಬೇಕಾಯಿತಲ್ಲ ಎಂದು ಇವತ್ತಿಗೂ ಸಿಟ್ಟು ಬರುತ್ತದೆ. ಆದರೂ ಅವತ್ತು ಎರಡು ಸಲ ಸಾರು ಹಾಕಿಸಿಕೊಂಡು ಉಂಡೆ.