ಯಾರೂ ಇಲ್ಲದಾಗ ಏಳದ ಪೆಟ್ಟಿಗೆ

ಬೆಳಿಗ್ಗೆ ಕಣ್ಣು ಬಿಟ್ಟೂ ಬಿಡದ ಅರೆಗಳಿಗೆಯಲ್ಲಿ ನಾನು ಯಾರು, ಎಲ್ಲಿ ಮಲಗಿದ್ದೇನೆ, ಇಂದು ಯಾವ ವಾರ ಎಂಬುದನ್ನು ನಮಗೆ ಯಾರು ನೆನಪಿಸುತ್ತಾರೋ ನನಗೆ ತಿಳಿಯದು, ಗೆಳೆಯರೇ. ಯಂತ್ರಗಳಿಗೆ ಅದನ್ನು ಹೇಳಿಕೊಡುವುದು ಮಾತ್ರ ಕದ್ರಿಯ ಸಣ್ಣ ಕಚೇರಿಯೊಂದರಲ್ಲಿ ನನ್ನ ಉದ್ಯೋಗ. ವಿದ್ಯುತ್ ಹರಿದೊಡನೆ ಎಲ್ಲರಿಗಿಂತ ಮೊದಲು ಎದ್ದು, ತನ್ನ ಸ್ಮೃತಿಕೋಶವನ್ನು ತಡವಿ ನೋಡಿ, ಉಳಿದವರನ್ನೆಲ್ಲ ಎಬ್ಬಿಸಿ ತಾನು ಸದ್ದಿಲ್ಲದೆ ಮರೆಯಾಗುವ ಪುಟ್ಟ ತಂತ್ರಾಂಶಕ್ಕೆ ಬೂಟ್‌ಲೋಡರ್ ಎನ್ನುತ್ತಾರೆ. ಯಂತ್ರದೊಳಗಿನ ಸರ್ಕ್ಯೂಟ್ ಬೋರ್ಡು ಬದಲಾದರೆ ಅದಕ್ಕೆ ಹೊಸ ಮನೆಯ ಬಾಗಿಲು, ಕಿಟಕಿಗಳನ್ನೆಲ್ಲ ಪರಿಚಯಿಸಬೇಕು.

ಮೀನುಗಾರಿಕೆ ಬೋಟುಗಳು ಕಡಲಿನಲ್ಲಿ ಎಲ್ಲಿವೆಯೆಂದು ದಡಕ್ಕೆ ತಿಳಿಸುವ ಪೆಟ್ಟಿಗೆಗೆ ಈ ವರ್ಷ ಹೊಸ ಬೋರ್ಡು ಬಂತು. ಹಳೆಯ ಬೂಟ್‌ಲೋಡರನ್ನೇ ತಿದ್ದಿ ಕೂರಿಸಿದೆ. ನನ್ನ ಮೇಜಿನ ಮೇಲೆ ಸೊಗಸಾಗಿ ಎದ್ದು ಕೂತಿತು. ಮೊದಲ ಪೆಟ್ಟಿಗೆಯನ್ನು ನನ್ನ ಸೋದರಮಾವನ ಬೋಟಿಗೇ ಹಾಕಿಸಿದೆವು. ಸೊಸೆಯ ಮೇಲಿನ ನಂಬಿಕೆಯಿಂದ ಅವರು ಹಳೆಯದನ್ನು ಕಳಚಿಸಿಬಿಟ್ಟಿದ್ದರು.

ಮರುದಿನವೇ ಮಾವನ ಫೋನು. "ಎಂತ ಮಾರಾಯ್ತಿ, ನಿನ್ನ ಪೆಟ್ಟಿಗೆಗೆ ಜೀವವೇ ಇಲ್ಲ! ನಾಡಿದ್ದು ಬೋಟು ಹೊರಡ್ಲಿಕ್ಕುಂಟು."

ಬೋಟುಗಳು ತಂಗುವ ದಕ್ಕೆಗೆ ಓಡಿದೆ. ಲ್ಯಾಪ್‌ಟಾಪಿನ ಕೇಬಲ್ ಸಿಕ್ಕಿಸಿದೆ, ಪೆಟ್ಟಿಗೆ ಎದ್ದಿತು. ಕೇಬಲ್ ತೆಗೆದು ಮತ್ತೆ ಚಾಲೂ ಮಾಡಿದೆ, ಸತ್ತಂತೆ ಬಿದ್ದಿತು. ಏನಾಗಿದೆಯೆಂದು ನೋಡಲು ಕೇಬಲ್ ಬೇಕು, ಕೇಬಲ್ ಹಾಕಿದರೆ ಏನೂ ಆಗಿಲ್ಲ! ತಪ್ಪು ಪೆಟ್ಟಿಗೆಯದೋ, ನನ್ನ ಬುದ್ಧಿಯದೋ ಎಂದೇ ಅನುಮಾನವಾಯಿತು.

"ನೀನಿದ್ರೆ ಮಾತ್ರ ಏಳ್ತದಾದ್ರೆ ನಿನ್ನನ್ನೂ ಬೋಟಿಗೆ ಹತ್ತಿಸ್ಬೇಕಷ್ಟೆ," ಎಂದು ಮಾವ ನಕ್ಕರು. ಪಕ್ಕದಲ್ಲಿದ್ದ ಅತ್ತೆ ನಗಲಿಲ್ಲ.

ಕಚೇರಿಗೆ ಮರಳಿ ಸಹೋದ್ಯೋಗಿ ವಿಲ್ಮಾಳಿಗೆ ಎಲ್ಲ ಹೇಳಿದೆ. "ಕೇಬಲ್ ಇಲ್ಲದಾಗ, ಅದನ್ನು ಸಿಕ್ಕಿಸುವ ಬೋರ್ಡಿನ ವಯರಿನ ತುದಿ ಎಲ್ಲಿ ಉಂಟು?" ಎಂದಳು.

"ಎಲ್ಲಿಯೂ ಇಲ್ಲ. ಗಾಳಿಯಲ್ಲಿ."

ಹೇಳುತ್ತಿದ್ದಂತೆ ನನಗೇ ಹೊಳೆಯಿತು. ಏಳುವಾಗ ಬೂಟ್‌ಲೋಡರ್ ಒಂದು ಕ್ಷಣ ಕಿವಿಗೊಡುತ್ತದೆ. ಆ ವಯರಿನ ಆಚೆ ತುದಿಯ ಕಂಪ್ಯೂಟರಿನಲ್ಲಿ ಯಾರಾದರೂ ಕೀಲಿ ಒತ್ತಿದರೆ ಅಲ್ಲೇ ನಿಂತು ಅಪ್ಪಣೆಗೆ ಕಾಯುತ್ತದೆ. ಹಳೆಯ ಬೋರ್ಡಿನಲ್ಲಿ ಆ ತಂತಿಯನ್ನು ಬಿಗಿದು ಕಟ್ಟಿದ್ದರು, ಹೊಸದರಲ್ಲಿ ಕೇಬಲ್ ಇಲ್ಲದಾಗ ಅದು ತೂಗಾಡುತ್ತಿತ್ತು; ನನ್ನ ಮೇಜಿನ ಮೇಲೆ ಕೇಬಲ್ ಸದಾ ಸಿಕ್ಕಿಸಿಯೇ ಇತ್ತು. ಎಲ್ಲಿಂದಲೋ ಬಂದ ವಿದ್ಯುತ್ ಗದ್ದಲವನ್ನು ಯಾರೋ ಕರೆದರೆಂದು ತಿಳಿದು, ಪೆಟ್ಟಿಗೆ, ಪಾಪ, ನಿಂತೇ ಬಿಟ್ಟಿತ್ತು. ಅದು ಸತ್ತಿರಲಿಲ್ಲ; ಇಲ್ಲದವರ ಮಾತಿಗೆ ಕಾಯುತ್ತಿತ್ತು. ನಾವೇ ಗೊತ್ತುಮಾಡಿದ ಒಂದು ಗುಪ್ತಪದ ಕೇಳಿದರೆ ಮಾತ್ರ ನಿಲ್ಲುವಂತೆ ಅದನ್ನು ತಿದ್ದಿದೆ. ಕಿವುಡನ್ನೇ ಮದ್ದಾಗಿ ಕೊಟ್ಟೆನಲ್ಲ, ಇದು ಗುಣವೋ ಊನವೋ ಎಂದು ಈಗಲೂ ಗೊಂದಲ.

ಬೋಟು ಹೊರಟಿತು. ಸಂಜೆ ಅತ್ತೆಯ ಫೋನಿನ ನಕ್ಷೆಯಲ್ಲಿ, ಕಡಲಿನ ನೀಲಿಯ ನಡುವೆ ಮಾವನ ಬೋಟು ಒಂದು ಚುಕ್ಕಿಯಾಗಿ ಕಾಣಿಸಿಕೊಂಡಿತು. ನಾನು ಹಿಗ್ಗಿದೆ.

"ಅವರೀಗ ಎಂತ ಮಾಡ್ತಿದ್ದಾರೆ?" ಎಂದು ಕೇಳಿದರು ಅತ್ತೆ.

"ಅದು ಇದರಲ್ಲಿ ಗೊತ್ತಾಗುದಿಲ್ಲ ಅತ್ತೆ. ಎಲ್ಲಿದ್ದಾರೆ ಅಂತ ಮಾತ್ರ."

"ಊಟ ಆಯ್ತಾ ಅಂತ?"

ಅದೂ ಗೊತ್ತಾಗದೆಂದು ನಾನು ತಲೆಯಾಡಿಸಿದೆ. ಮತ್ತೆಂತಕ್ಕೆ ಇದು ಎಂಬಂತೆ ನನ್ನನ್ನು ನೋಡಿದ ಅತ್ತೆ, ಫೋನನ್ನು ಮಾತ್ರ ಕೈಯಿಂದ ಕೆಳಗಿಡಲಿಲ್ಲ.