ಕಾರ್ಮಿನತ್ತೆಯ ಬಳಿ ಕೇಳದೆ ಬಿಟ್ಟ ಬೆಸಾಂವ್

ನಮ್ಮ ಫ್ಲಾಟಿನ ಕೆಳಗೆ ಹಸಿ ಕಸದ ಡ್ರಮ್ಮೊಂದಿದೆ. ಬೇಸಿಗೆಯಲ್ಲಿ ಅದರ ಮುಚ್ಚಳ ತೆಗೆದರೆ ಹುಳಿತ ಗಂಜಿ, ತರಕಾರಿ ಸಿಪ್ಪೆ, ಮೀನು ತೊಳೆದ ನೀರು ಎಲ್ಲ ಬೆರೆತ ವಾಸನೆ ಮುಖಕ್ಕೆ ಬಡಿಯುತ್ತದೆ. ಉಳಿದವರು ಮೂಗು ಮುಚ್ಚಿಕೊಂಡು ಓಡುತ್ತಾರೆ. ನಾನು ಮಾತ್ರ ನಿಂತುಬಿಡುತ್ತೇನೆ. ಅದು ನಮ್ಮ ಹಂದಿಗಳ ಕಲಗಚ್ಚಿನ ವಾಸನೆ. ನನ್ನ ಸೋದರತ್ತೆ ಕಾರ್ಮಿನಳ ಕೈಯ ವಾಸನೆ.

ಮೂಡುಬಿದಿರೆಯಿಂದ ಪುತ್ತಿಗೆಗೆ ಹೋಗುವ ದಾರಿಯಲ್ಲಿದ್ದ ಆ ಮನೆ ಈಗಿಲ್ಲ. ಇಲ್ಲವಾದದ್ದಕ್ಕೆ ನನಗೆ ಅರ್ಧ ದುಃಖ, ಅರ್ಧ ಸಮಾಧಾನ. ಐವತ್ತರ ದಶಕದ ಕೊನೆ, ನನಗೆ ಒಂಬತ್ತು ವರ್ಷ. ಚಾವಡಿಯ ಗೋಡೆಯಲ್ಲಿ ಪವಿತ್ರ ಕುಟುಂಬದ ಪಟ: ಉಳಿ ಹಿಡಿದ ಜೋಸೆಫರು, ನೂಲುವ ಮರಿಯಮ್ಮ, ನಡುವೆ ಬಾಲಯೇಸು. ದಿನಾ ಮುಸ್ಸಂಜೆ ಅದರ ಕೆಳಗೆ ಮೊಣಕಾಲೂರಿ ನಾವೆಲ್ಲ ತೇರ್ಸ್, ಅಂದರೆ ಜಪಮಾಲೆ ಹೇಳುತ್ತಿದ್ದೆವು. ಅಪ್ಪನ ಗಂಟಲು ಎಷ್ಟು ಭಕ್ತಿಯಿಂದ ನಡುಗುತ್ತಿತ್ತೆಂದರೆ ದಾರಿಹೋಕರೂ ನಿಂತು ಕೇಳುತ್ತಿದ್ದರು. ತೇರ್ಸ್ ಮುಗಿದ ಮೇಲೆ ಮಕ್ಕಳು ಒಬ್ಬೊಬ್ಬ ಹಿರಿಯರ ಮುಂದೆಯೂ ಕೈಮುಗಿದು ಬೆಸಾಂವ್ ಕೇಳಬೇಕು. ಅವರು ಹಣೆಯ ಮೇಲೆ ಶಿಲುಬೆ ಎಳೆದು ಹರಸಬೇಕು. ಅಜ್ಜ, ಅಪ್ಪ, ಅಮ್ಮ. ಅಲ್ಲಿಗೆ ಮುಗಿಯಿತು. ಕಾರ್ಮಿನತ್ತೆಯ ಬಳಿ ಕೇಳಬಾರದೆಂದು ಅಪ್ಪನ ಆಜ್ಞೆ.

ಅವಳು ಮಾಡಿದ ತಪ್ಪೆಂದರೆ ನಾರಾವಿಯ ಗಂಡನ ಮನೆಯಿಂದ ಬೆನ್ನ ತುಂಬ ಬಾಸುಂಡೆ ಹೊತ್ತು ತವರಿಗೆ ಬಂದದ್ದು. "ದೇವರು ಕೂಡಿಸಿದ್ದನ್ನು ಬಿಟ್ಟು ಬಂದವಳ ಕೈಯಲ್ಲಿ ಎಂಥ ಆಶೀರ್ವಾದ ಉಂಟು?" ಎಂದಿದ್ದ ಅಪ್ಪ. ಹಂದಿಗೂಡಿಗೆ ತಾಗಿದ್ದ ಸೌದೆಕೋಣೆಯೇ ಅವಳ ಕೋಣೆಯಾಯಿತು. ತೇರ್ಸಿಗೆ ಅವಳ ಜಾಗ ಹೊಸಿಲಿನಾಚೆ. ಅಮ್ಮ ಕದ್ದು ಅವಳ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದಳು, ಆದರೆ ಅಪ್ಪನೆದುರು ತುಟಿ ಬಿಚ್ಚಲಿಲ್ಲ. ಕಾರ್ಮಿನತ್ತೆ ಹಂದಿಗಳಿಗೆ ಕಲಗಚ್ಚು ಹಾಕುತ್ತ, ಅವುಗಳಿಗೆ ಒಂದೊಂದು ಹೆಸರಿಟ್ಟು ಬೈಯುತ್ತ, ಮಧ್ಯೆ ನನ್ನನ್ನು ಕಂಡರೆ ನಗುತ್ತ ಇದ್ದಳು. ಆ ಮನೆಯಲ್ಲಿ ಮನಸಾರೆ ನಗುತ್ತಿದ್ದವಳು ಅವಳೊಬ್ಬಳೇ.

ಆ ವರ್ಷ ಮನೆ ಮಂತ್ರಿಸಲು ಪಾದ್ರಿಗಳು ಬಂದರು. ಬರುವ ಮೊದಲೇ ಅಪ್ಪ ಅತ್ತೆಯನ್ನು ಸೌದೆಕೋಣೆಗೆ ಕಳಿಸಿ ಹೊರಗಿನಿಂದ ಚಿಲಕ ಹಾಕಿದ. ಪಾದ್ರಿಗಳು ಕೋಣೆಕೋಣೆಗೂ ತೀರ್ಥ ಚಿಮುಕಿಸಿ, ಪಟದ ಕೆಳಗೆ ನಿಂತು, "ಕುಟುಂಬವೇ ಮೊದಲ ಇಗರ್ಜಿ, ದೇವರ ಮೊದಲ ಆಲಯ. ನಿಮ್ಮ ಮನೆ ನೋಡಿ ಊರಿನವರು ಕಲಿಯಬೇಕು" ಎಂದರು. ಅಪ್ಪ ವಿನಯದಿಂದ ತಲೆ ತಗ್ಗಿಸಿದ. ಹೊರಡುವಾಗ ಅವರು ಹಿತ್ತಲ ಕಡೆ ಕೈತೋರಿಸಿ, "ಅಲ್ಲಿ ಯಾರುಂಟು?" ಎಂದು ಕೇಳಿದರು.

"ಯಾರೂ ಇಲ್ಲ ಪಾದ್ರ್ಯಾಬಾ, ಹಂದಿಗಳು ಮಾತ್ರ."

"ಅವಕ್ಕೂ ಸಿಗಲಿ" ಎಂದು ನಕ್ಕು ಅವರು ಗೂಡಿನ ಮೇಲೆ ತೀರ್ಥ ಎರಚಿದರು. ಹಂದಿಗಳು ಗುಟುರು ಹಾಕಿದವು. ಒಂದು ಗೋಡೆಯಾಚೆ ಅತ್ತೆ ಕೆಮ್ಮನ್ನು ನುಂಗಿಕೊಂಡದ್ದು ನನಗೆ ಕೇಳಿಸಿತು.

ಅಂದು ಸಂಜೆ ತೇರ್ಸ್ ಮುಗಿದು ಎಲ್ಲರೂ ಒಳಗೆ ಹೋದ ಮೇಲೆ ಕಾರ್ಮಿನತ್ತೆ ಹೊಸಿಲಿನಾಚೆಯಿಂದ ಕರೆದಳು. "ಬಾ ಮಗಾ, ಇವತ್ತೊಂದು ದಿನ ನನ್ನ ಹತ್ತಿರವೂ ಬೆಸಾಂವ್ ಕೇಳು. ಯಾರಿಗೂ ಹೇಳುವುದಿಲ್ಲ." ಹಾಗೆಂದು ನನ್ನ ಹಣೆಯತ್ತ ಕೈ ಚಾಚಿದಳು. ನಾನು ಹಿಂದೆ ಸರಿದು, "ಛೀ, ಹಂದಿ ವಾಸನೆ" ಎಂದೆ. ಅಪ್ಪ ಹೇಳಿಕೊಟ್ಟದ್ದಲ್ಲ ಅದು, ನನ್ನದೇ ಮಾತು. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡಳು. ಮತ್ತೊಮ್ಮೆ ಒರೆಸಿಕೊಂಡಳು. ಆಮೇಲೆ ಚಾಚಲಿಲ್ಲ.

ಮುಂದಿನ ವಾರ, ಕುಟುಂಬ ಒಡೆಯಬಾರದೆಂದು ಅಪ್ಪನೇ ಅವಳನ್ನು ನಾರಾವಿಗೆ ಬಿಟ್ಟುಬಂದ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸುದ್ದಿ ಬಂತು. ಬಾವಿಕಟ್ಟೆಯಲ್ಲಿ ಜಾರಿ ಬಿದ್ದಳಂತೆ. ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ. ದೇವರ ಚಿತ್ತ ಎಂದ ಅಪ್ಪ, ಅದೇ ನಡುಗುವ ಗಂಟಲಲ್ಲಿ. ಅಪ್ಪನ ಮೇಲಿನ ಹೇಸಿಗೆ ನನಗೆ ಇಂದಿಗೂ ಇಳಿದಿಲ್ಲ. ನನ್ನ ಮೇಲಿನದು ಅದಕ್ಕಿಂತ ಒಂದು ತೂಕ ಹೆಚ್ಚೇ. ಎಷ್ಟೋ ಮನೆ, ಎಷ್ಟೋ ಇಗರ್ಜಿ ನೋಡಿದೆ. ಪವಿತ್ರ ಎನ್ನುವಂಥದ್ದು ನನ್ನ ಬಾಲ್ಯದ ಮನೆಯಲ್ಲಿ ಏನಾದರೂ ಇದ್ದಿದ್ದರೆ ಅದು ಹೊಸಿಲಿನಾಚೆ ಇತ್ತು.

ಅಂದು ನಾರಾವಿಯಲ್ಲಿ ಶವಪೆಟ್ಟಿಗೆಯ ಬಳಿ ಅಮ್ಮ ನನ್ನನ್ನು ಮುಂದೆ ತಳ್ಳಿದಳು. ಜಪಮಾಲೆ ಸುತ್ತಿದ್ದ ಅತ್ತೆಯ ಕೈಗೆ ಹಣೆ ತಾಗಿಸಿ, ಯಾರಿಗೂ ಕೇಳದಂತೆ, "ಬೆಸಾಂವ್" ಎಂದೆ. ಉಸಿರೆಳೆದು ಆ ವಾಸನೆಯನ್ನು ಹುಡುಕಿದೆ. ಇರಲಿಲ್ಲ. ಕೈಯನ್ನು ಚೆನ್ನಾಗಿ ತೊಳೆದುಬಿಟ್ಟಿದ್ದರು.