ಕಮಲತ್ತೆಯ ಕಾಲಪ್ರಮಾಣ

ಚಿರೋಟಿ ರವೆಗೆ ನೀರು ಚಿಮುಕಿಸಿ ಕಲಸುವಾಗ ಏಳುವ ಹಸಿ ವಾಸನೆ ಬೇರೆಯವರಿಗೆ ಹಬ್ಬದ ಅಡುಗೆಯದು. ನನಗೆ ಅದು ಸಂಗೀತದ್ದು. ಹಲಸೂರಿನ ಅತ್ತೆಯ ಮನೆಯಲ್ಲಿ ಸಂಜೆಯಾದರೆ ಶ್ರೀಕಂಠ ಮಾವ ಸಣ್ಣ ಹಿತ್ತಾಳೆ ಬಟ್ಟಲಲ್ಲಿ ರವೆ ಕಲಸಿ, ಮೃದಂಗದ ಎಡಮುಖಕ್ಕೆ ಮೆತ್ತಿ, ಹೆಬ್ಬೆರಳಿನಿಂದ ಸವರಿ ಸಮ ಮಾಡುತ್ತಿದ್ದರು. ಒದ್ದೆ ರವೆಯೂ ಹಳೆಯ ಚರ್ಮವೂ ಸೇರಿದ ಆ ವಾಸನೆ ಹಜಾರವನ್ನು ತುಂಬುವ ಹೊತ್ತಿಗೆ ಕಮಲತ್ತೆ ದೇವರಿಗೆ ದೀಪ ಹಚ್ಚಿ ಬಂದು ತಂಬೂರಿ ಎತ್ತಿಕೊಳ್ಳುತ್ತಿದ್ದರು. ಅಪ್ಪನಿಗೆ ಊರೂರಿಗೆ ವರ್ಗವಾಗುತ್ತಿದ್ದುದರಿಂದ, ನನ್ನ ಓದು ಕೆಡಬಾರದೆಂದು ತಮ್ಮ ಅಕ್ಕನ ಆ ಮನೆಯಲ್ಲಿ ನನ್ನನ್ನು ಬಿಟ್ಟಿದ್ದರು. ಅತ್ತೆ ಮಾವನಿಗೆ ಮಕ್ಕಳಿರಲಿಲ್ಲ. ಮಾವ ಹಗಲು ವಿಮಾ ಕಚೇರಿಯಲ್ಲಿ ಗುಮಾಸ್ತರು, ಸಂಜೆ ಮೃದಂಗದವರು. ಹೊರಗೆ ಬಜಾರಿನ ಗದ್ದಲ, ಹೂವಿನವರ ತಮಿಳು ಕೂಗು, ಕೆರೆಯ ಕಡೆಯಿಂದ ಬರುವ ತಣ್ಣನೆಯ ಗಾಳಿ. ಒಳಗೆ ಈ ಇಬ್ಬರು ಎದುರುಬದುರು ಕೂತರೆ ಆ ಗದ್ದಲವೂ ಅವರ ತಾಳಕ್ಕೇ ನಡೆಯುತ್ತಿದೆ ಅನ್ನಿಸುತ್ತಿತ್ತು.

ಆಗ ಅತ್ತೆಯ ಹಾಡೆಂದರೆ ವೇಗ. ಸ್ವರಗಳು ಬಿಸಿ ಮರಳಿನಲ್ಲಿ ಅರಳು ಸಿಡಿದಂತೆ ಸಿಡಿಯುತ್ತಿದ್ದವು. ಅವು ನೆಲಕ್ಕೆ ಬೀಳುವ ಮುಂಚೆ ಮಾವನ ಬಲಗೈ ಬೆರಳುಗಳು ಒಂದೊಂದನ್ನೂ ಹಿಡಿದುಬಿಡುತ್ತಿದ್ದವು. ರಾಮನವಮಿಯ ಚಪ್ಪರದಲ್ಲಿ ಜನ ಕಾಯುತ್ತಿದ್ದುದೇ ಆ ಓಟಕ್ಕಾಗಿ. ಅತ್ತೆ ನಗುನಗುತ್ತಾ ಓಡುವರು, ಮಾವ ಮುಖ ಒಂದಿಷ್ಟೂ ಅಲುಗಿಸದೆ ಬೆನ್ನು ಹತ್ತುವರು, ಕೊನೆಗೆ ಇಬ್ಬರೂ ಒಂದೇ ಪೆಟ್ಟಿಗೆ ಬಂದು ನಿಲ್ಲುವರು. ಮನೆಯಲ್ಲಿ ಅವರು ಮಾತಾಡುತ್ತಿದ್ದುದು ಬಹಳ ಕಡಿಮೆ. ಅವರ ಸರಸ, ಜಗಳ, ರಾಜಿ ಎಲ್ಲ ನಡೆಯುತ್ತಿದ್ದುದು ಆ ಹಾಡಿಕೆಯಲ್ಲೇ ಎಂದು ನನಗೆ ದೊಡ್ಡವಳಾದ ಮೇಲೆ ತಿಳಿಯಿತು.

ಒಂದು ಭಾನುವಾರ ಊಟಕ್ಕೆ ಕೂತಿದ್ದಾಗ ಮಾವನ ಕೈಯಿಂದ ತುತ್ತು ಜಾರಿತು. ಎತ್ತಿಕೊಳ್ಳಲು ಹೋದರೆ ಕೈ ಏಳಲಿಲ್ಲ. ಏನೋ ಹೇಳಲು ಬಾಯಿ ತೆರೆದರು, ಮಾತು ತೊದಲಿತು. ಲಕ್ವ ಬಲಭಾಗಕ್ಕೆ ಹೊಡೆದಿತ್ತು. ಆಸ್ಪತ್ರೆಯಿಂದ ಮನೆಗೆ ಬಂದು ತಿಂಗಳುಗಳು ಕಳೆದ ಮೇಲೆ ಮಾತು ಹೆಚ್ಚುಕಡಿಮೆ ಮರಳಿತು, ಕೋಲು ಹಿಡಿದು ನಡೆದಾಡುವಂತಾದರು. ಕೈಯೂ ಆಡತೊಡಗಿತು, ಆದರೆ ತಡವಾಗಿ. ಅವರು ಬಯಸುವುದಕ್ಕೂ ಬೆರಳು ಮಾತು ಕೇಳುವುದಕ್ಕೂ ನಡುವೆ ಒಂದು ದೂರದ ದಾರಿ ಬೆಳೆದುಬಿಟ್ಟಿತ್ತು. ಮೃದಂಗ ಗವಸು ಹಾಕಿಕೊಂಡು ಮೂಲೆ ಸೇರಿತು. ಕೇಳಿದರೆ ಅವರಿಗೆ ಸಂಕಟವಾದೀತೆಂದು ಅತ್ತೆ ಮನೆಯಲ್ಲಿ ಹಾಡುವುದನ್ನೇ ಬಿಟ್ಟರು. ಪಕ್ಕದ ಮನೆಯ ತಮಿಳಿನ ಪಾಟಿ, ನಡುಗೋಡೆಗೆ ಒರಗಿ ದಿನವೂ ಹಾಡು ಕೇಳುತ್ತಿದ್ದ ಮುದುಕಿ, ಒಂದು ದಿನ ಬಂದು ತಮ್ಮ ಹರಕು ಕನ್ನಡದಲ್ಲಿ, ಸಂಜೆ ಆಗೋದೇ ಇಲ್ಲ ಈಗ ನಮಗೆ, ಎಂದು ಹೇಳಿ ಹೋದರು.

ಅದೇ ವಾರವಿರಬೇಕು, ಅತ್ತೆ ತಂಬೂರಿಯನ್ನೂ ತೆಗೆಯದೆ ಅಕ್ಕಿ ಆರಿಸುತ್ತಾ ತೋಡಿ ರಾಗದ ಒಂದು ಕೃತಿಯನ್ನು ಗುನುಗತೊಡಗಿದರು. ಅಷ್ಟು ನಿಧಾನವಾಗಿ ಅವರು ಹಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಒಳಕೋಣೆಯಿಂದ ಒಂದು ಸದ್ದು ಬಂತು. ಮಾವ ಮಂಚದ ಹಲಗೆಯ ಮೇಲೆ ಕೈ ತಟ್ಟಿದ್ದರು. ಬೀಳಬೇಕಾದ ಜಾಗ ದಾಟಿದ ಮೇಲೆ ಬಿದ್ದಿತ್ತು ಪೆಟ್ಟು. ಅತ್ತೆ ತಲೆ ಎತ್ತಲಿಲ್ಲ. ತಾಳ ಒಂದು ಸುತ್ತು ಮುಗಿಸಿ ಮುಂದಿನ ಆವರ್ತಕ್ಕೆ ಬಂದಾಗ ಆ ಸ್ವರವನ್ನು ಮೆಲ್ಲಗೆ ಎಳೆದು, ಪೆಟ್ಟು ಬರುವವರೆಗೆ ಅಲ್ಲೇ ನಿಂತು, ಬಂದ ಮೇಲೆ ಕೈ ಹಿಡಿದು ಕರೆದುಕೊಂಡು ಹೋದ ಹಾಗೆ ಮುಂದೆ ಹೋದರು. ಮಾರನೆಯ ದಿನ ಮೃದಂಗದ ಗವಸು ಬಿಚ್ಚಿತು. ರವೆ ಕಲಸುವ ಕೆಲಸ ನನ್ನದಾಯಿತು.

ಸುಲಭವಾಗಿರಲಿಲ್ಲ ಅದು. ಒಂದು ಸಂಜೆ ಮಾವ ಮೃದಂಗವನ್ನು ಪಕ್ಕಕ್ಕೆ ತಳ್ಳಿ ಗೋಡೆಯ ಕಡೆ ತಿರುಗಿ ಕೂತರು.

"ನನಗೋಸ್ಕರ ನಿನ್ನ ಹಾಡು ಕೆಡಿಸ್ಕೋಬೇಡ ಕಮಲಾ. ಕುಂಟನ ಜೊತೆ ನೀನೂ ಕುಂಟೋದ್ಯಾಕೆ?"

ಅತ್ತೆ ಮೃದಂಗವನ್ನು ಮತ್ತೆ ಅವರ ಕಡೆಗೆ ಸರಿಸಿದರು. ಆಮೇಲೆ ಹೇಳಿದರು: "ಇಷ್ಟು ವರ್ಷ ಈ ಹಾಡಿನ ಮೇಲೆ ಬಸ್ಸಲ್ಲಿ ಹೋದ ಹಾಗೆ ಹೋಗ್ಬಿಟ್ಟಿದೀನಿ ರೀ. ಒಳಗೆ ಇಷ್ಟೆಲ್ಲ ಜಾಗ ಇದೆ ಅಂತ ಈಗ ನಡ್ಕೊಂಡು ಹೋಗ್ತಿರೋದಕ್ಕೆ ಗೊತ್ತಾಗ್ತಿದೆ. ನೀವು ಬಾರ್ಸಿ."

ಅದು ಪೂರ್ತಿ ನಿಜವೋ, ಅವರನ್ನು ಸಮಾಧಾನ ಮಾಡಲು ಹೇಳಿದ್ದೋ, ಆಗಲೂ ನನಗೆ ತಿಳಿಯಲಿಲ್ಲ, ಈಗಲೂ ತಿಳಿಯದು.

ರಾಮನವಮಿ ಹತ್ತಿರವಾದಾಗ ಚಪ್ಪರದ ಕಾರ್ಯದರ್ಶಿ ಮನೆಗೆ ಬಂದರು. ಕಮ್ಮನಹಳ್ಳಿಯ ಒಬ್ಬ ಚುರುಕು ಹುಡುಗ ಮೃದಂಗಕ್ಕೆ ಸಿಕ್ಕಿದ್ದಾನೆ, ಮಾವ ಮುಂದಿನ ಸಾಲಿನಲ್ಲಿ ಆರಾಮಾಗಿ ಕೂತು ಕೇಳಲಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಅತ್ತೆ ಕಾಫಿ ಕೊಟ್ಟು, ನಮ್ಮವರು ಬಾರಿಸುವುದಾದರೆ ನಾನು ಹಾಡುತ್ತೇನೆ, ಇಲ್ಲವಾದರೆ ಈ ವರ್ಷ ಬೇಡ ಎಂದರು. ಜನ ನಿಮ್ಮ ಸ್ಪೀಡಿಗೇ ಬರೋದಲ್ವಾ ಅಮ್ಮಾ ಎಂದು ಕಾರ್ಯದರ್ಶಿ ಗೋಗರೆದರು. ಅತ್ತೆ ಖಾಲಿಯಾದ ಲೋಟ ಎತ್ತಿಕೊಂಡರು. ಕೊನೆಗೆ ಕಾರ್ಯದರ್ಶಿಯೇ ಒಪ್ಪಿಕೊಂಡು ಹೋದರು.

ಆ ಸಂಜೆ ನಾನು ವೇದಿಕೆಯ ಮೇಲೆ ಅತ್ತೆಯ ಹಿಂದೆ ತಂಬೂರಿ ಹಿಡಿದು ಕೂತಿದ್ದೆ. ಮೊದಮೊದಲು ಜನ ಪಾನಕ ಕುಡಿಯುತ್ತಾ ಓಟಕ್ಕಾಗಿ ಕಾದರು. ಓಟ ಬರಲಿಲ್ಲ. ಕೆಮ್ಮು, ಪಿಸುಮಾತು, ಕುರ್ಚಿ ಜರುಗಿಸುವ ಸದ್ದು. ಹಿಂದಿನ ಸಾಲುಗಳವರು ಒಬ್ಬೊಬ್ಬರಾಗಿ ಎದ್ದು ಹೋದರು. ಅತ್ತೆಯ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ರವಿಕೆ ಬೆವರಿನಿಂದ ನೆನೆದಿತ್ತು. ತೋಡಿಯ ನಡುವೆ ಮಾವನ ಕೈ ನಿಂತೇ ಹೋಯಿತು. ಬೆರಳು ಮಡಚಿಕೊಂಡು ಮೇಲೆದ್ದದ್ದು ಹಾಗೇ ಉಳಿಯಿತು. ಅತ್ತೆ ಅವರತ್ತ ತಿರುಗಿ ಕೂತರು, ಹಾಡು ನಿಲ್ಲಿಸಿದರು, ತೊಡೆಯ ಮೇಲೆ ತಾಳ ಮಾತ್ರ ಬಿಡಲಿಲ್ಲ. ಪಿಟೀಲಿನವರೂ ಕಮಾನು ಇಳಿಸಿದರು. ಒಂದು ಆವರ್ತ ಪೂರ್ತಿ, ನನ್ನ ತಂಬೂರಿಯೊಂದನ್ನು ಬಿಟ್ಟರೆ, ಆ ಚಪ್ಪರದಲ್ಲಿ ಏನೂ ಇರಲಿಲ್ಲ. ಎಲ್ಲರೂ ಉಸಿರು ಹಿಡಿದು ಅತ್ತೆಯ ಅಂಗೈ ಬೀಳುವುದನ್ನೂ ಮಗುಚುವುದನ್ನೂ ನೋಡುತ್ತಿದ್ದರು. ಆಗ ಮಾವನ ಕೈ ಇಳಿಯಿತು. ಆ ಒಂದು ಪೆಟ್ಟು ಎಷ್ಟು ದುಂಡಗೆ, ಎಷ್ಟು ತುಂಬಿಕೊಂಡು ಬಂತೆಂದರೆ, ಮುಂದಿನ ಸಾಲಿನಲ್ಲಿದ್ದ ಪಾಟಿ ಕಣ್ಣು ಮುಚ್ಚಿ "ಆಹಾ" ಎಂದದ್ದು ಇಡೀ ಚಪ್ಪರಕ್ಕೆ ಕೇಳಿಸಿತು. ಅಲ್ಲಿಂದ ಮುಂದೆ ಯಾರೂ ಏಳಲಿಲ್ಲ. ಚಪ್ಪಾಳೆಯೂ ತಡವಾಗಿಯೇ ಬಂತು.

ಮುಂದಿನ ಮಳೆಗಾಲದಲ್ಲಿ ಮಾವ ತೀರಿಕೊಂಡರು. ಅತ್ತೆ ಮತ್ತೆ ವೇಗವಾಗಿ ಹಾಡಲಿಲ್ಲ. ಸಂಗೀತ ಕಚೇರಿಗಳಿಗೆ ಕರೆಯುವವರು ಕಡಿಮೆಯಾದರು, ಆಮೇಲೆ ಇಲ್ಲವಾದರು. ಇಂದಿರಾನಗರದ, ದೊಮ್ಮಲೂರಿನ ಮನೆಗಳಿಗೆ ಹೋಗಿ ಮಕ್ಕಳಿಗೆ ಪಾಠ ಹೇಳಿದರು. ಇಷ್ಟು ನಿಧಾನವಾದರೆ ಮಗು ಪರೀಕ್ಷೆಗೆ ಕೂರುವುದು ಯಾವಾಗ ಎಂದು ಕೆಲವು ತಾಯಂದಿರು ಮಕ್ಕಳನ್ನು ಬಿಡಿಸಿಕೊಂಡರು. ಉಳಿದವರು ಉಳಿದರು. ನನ್ನ ಮದುವೆಯಾಗಿ ಕೆ.ಆರ್. ಪುರಕ್ಕೆ ಬಂದ ಮೇಲೆ ಅತ್ತೆಯೂ ತೀರಿಹೋದರು. ಬಾಡಿಗೆಗಿದ್ದ ಆ ಮನೆಯ ಜಾಗದಲ್ಲಿ ಈಗ ಗಾಜಿನ ಮುಖದ ಅಂಗಡಿಗಳಿವೆ. ಮೆಟ್ರೊದಲ್ಲಿ ಆ ಬೀದಿಗಳ ಪಕ್ಕದಲ್ಲೇ ಹಾದುಹೋಗುವಾಗ ನಾನು ಆ ಕಡೆ ನೋಡುವ ಹೊತ್ತಿಗೆ ಹಲಸೂರು ಮುಗಿದೇ ಹೋಗಿರುತ್ತದೆ.

ಮೊನ್ನೆ ಒಂದು ಗೃಹಪ್ರವೇಶದಲ್ಲಿ ಅತ್ತೆಯ ಶಿಷ್ಯೆಯೊಬ್ಬಳು ಅದೇ ತೋಡಿಯನ್ನು ಹಾಡಿದಳು. ಮಾವನನ್ನು ಕಂಡವಳಲ್ಲ ಅವಳು. ಕೃತಿಯ ಎರಡನೆಯ ಸಾಲಿನಲ್ಲಿ ಒಂದು ಸ್ವರದ ಮೇಲೆ, ತಾಳ ಮುಂದಕ್ಕೆ ಕರೆಯುತ್ತಿದ್ದರೂ, ಬಾಗಿಲಲ್ಲಿ ಯಾರಿಗೋ ಕಾದಂತೆ ಒಂದಿಷ್ಟು ನಿಂತು, ಆಮೇಲೆ ಹೊರಟಳು. ಹಾಡು ಮುಗಿದ ಮೇಲೆ ಹತ್ತಿರ ಹೋಗಿ, ಅಲ್ಲಿ ಯಾಕೆ ನಿಂತೆಯಮ್ಮಾ ಎಂದು ಕೇಳಿದೆ.

"ಮೇಡಂ ಹಾಗೇ ಹೇಳ್ಕೊಟ್ಟಿದ್ದು ಆಂಟಿ. ಅದು ಹಾಡಲ್ಲೇ ಇರೋದು."

ಹೌದು ಎಂದೆ. ಅವಳು ತನ್ನ ಪುಟ್ಟ ಶಿಷ್ಯೆಯರನ್ನು ಕರೆದುಕೊಂಡು ಊಟಕ್ಕೆ ಹೋದಳು. ಪಂಕ್ತಿಯಲ್ಲಿ ಎಲೆ ಹಾಕುವವರೆಗೆ ಆ ಮಕ್ಕಳು ಅದೇ ಸಾಲನ್ನು ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಿದ್ದರು, ಆ ಜಾಗ ಬಂದಾಗಲೆಲ್ಲ ತಡೆದು ನಿಲ್ಲುತ್ತಿದ್ದರು.